ಬಿಕ್ಕೋಡಿನ ಕಂಪ್ಯೂಟರಿಗೆ ಶಿವಪ್ರಕಾಶನ ಕೈಗುಣ

ಬೇಲೂರು ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಶಿವಪ್ರಕಾಶನ ಕಂಪ್ಯೂಟರ್ ರಿಪೇರಿ ಅಂಗಡಿ. ಅಲ್ಲಿ ಉದ್ದನೆಯ ಒಂದು ನೋಟ್‌ಬುಕ್ಕಿದೆ. ಪ್ರತಿ ಪುಟದಲ್ಲೂ ಸ್ಕೇಲಿಟ್ಟು ಎಳೆದ ಮೂರು ಕಾಲಂ: ದೂರು, ಕಾರಣ, ಪರಿಹಾರ. ಇಪ್ಪತ್ತೆರಡು ವರ್ಷಗಳಲ್ಲಿ ಮಧ್ಯದ ಕಾಲಂ ಒಮ್ಮೆಯೂ ಖಾಲಿ ಉಳಿದಿರಲಿಲ್ಲ. ‘ಮೌಸ್ ಓಡುತ್ತಿಲ್ಲ’ ಎಂಬ ದೂರಿನ ಮುಂದೆ ‘ಅಡಿಯಲ್ಲಿ ಕುಂಕುಮ’ ಎಂದಿದೆ. ‘ಕೀಬೋರ್ಡಿನಲ್ಲಿ ಒಂದೇ ಅಕ್ಷರ ಬೀಳುತ್ತಲೇ ಇದೆ’ ಎಂಬುದಕ್ಕೆ ‘ಕಡ್ಲೆಪುರಿ, ಒಂದು ಕಾಳು’. ಆಯುಧಪೂಜೆಯ ಮರುವಾರ ಇಂಥವೇ ಎರಡು ಪುಟ ತುಂಬುತ್ತವೆ.

ಕಾರಣವಿಲ್ಲದೆ ಏನೂ ಕೆಡುವುದಿಲ್ಲ, ಕಾರಣವಿಲ್ಲದೆ ಏನೂ ಸರಿಹೋಗುವುದೂ ಇಲ್ಲ ಎಂಬುದು ಅವನ ಹಟ. ಆ ಹಟಕ್ಕೆ ಕಾರಣ ಅಪ್ಪ. ಗೆಂಡೆಹಳ್ಳಿಯ ಜವರಪ್ಪ ಭಾನುವಾರ ಬೆಳಿಗ್ಗೆ ಕಾಮಾಲೆಗೆ ಸೊಪ್ಪಿನ ರಸ ಕೊಡುತ್ತಿದ್ದರು. ಅದೇ ಸೊಪ್ಪನ್ನು ಬೇರೆಯವರು ಅರೆದು ಕುಡಿಸಿದರೆ ವಾಸಿಯಾಗದು, ಜವರಪ್ಪನೇ ಕೊಡಬೇಕು, ಅದು ಅವನ ಕೈಗುಣ ಎಂದು ಜನ ನಂಬಿದ್ದರು. ರಸ ಕುಡಿದವರು ಹನ್ನೊಂದು ದಿನ ಎಣ್ಣೆ ಮುಟ್ಟಬಾರದು, ಹೊಲಕ್ಕೆ ಹೋಗಬಾರದು, ಮಲಗಿರಬೇಕು. ತಪ್ಪಿದರೆ ಕೈಗುಣ ಬಿಟ್ಟುಹೋಗುತ್ತದೆ ಎಂದು ಅಪ್ಪ ಗದರಿಸಿ ಕಳಿಸುತ್ತಿದ್ದರು. ಹೈಸ್ಕೂಲಿನಲ್ಲಿದ್ದ ಮಗನಿಗೆ ಇದೆಲ್ಲ ನಾಚಿಕೆ. ಅಪ್ಪ ತೀರಿಕೊಂಡ ಮೇಲೆ, ಕೈಗುಣ ಮಗನಿಗೆ ಇಳಿದಿರಬೇಕೆಂದು ಜನ ಬಾಗಿಲಿಗೆ ಬಂದರು. ಅವನು ಅವರನ್ನು ಸರ್ಕಾರಿ ಆಸ್ಪತ್ರೆಗೆ ಕಳಿಸಿ, ತಾನು ಕಂಪ್ಯೂಟರ್ ಕೋರ್ಸಿಗೆ ಸೇರಿದ. ಕಂಪ್ಯೂಟರಿಗೆ ಯಾರ ಕೈಯಾದರೂ ಒಂದೇ. ಅದರಲ್ಲಿ ಅವನಿಗೆ ಹಿಡಿಸಿದ್ದೇ ಅದು.

ಹೀಗಿರುವಾಗ ಬಿಕ್ಕೋಡಿನಿಂದ ಕೃಷ್ಣಪ್ಪನವರ ಫೋನ್ ಬಂತು. ಅವರು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸ ಮಾಡಿ ನಿವೃತ್ತರಾದವರು. ತೋಟದಲ್ಲಿ ಬಿದ್ದ ಮಳೆಯನ್ನು ಮೂವತ್ತೈದು ವರ್ಷ ದಿನವೂ ಅಳೆದು ಡೈರಿಯಲ್ಲಿ ಬರೆದಿಟ್ಟಿದ್ದರು. ಈಗ ಅದನ್ನೆಲ್ಲ ಮನೆಯ ಕಂಪ್ಯೂಟರಿಗೆ ಏರಿಸುತ್ತಿದ್ದರು.

“ತೊಂಬತ್ನಾಕರ ಜುಲೈಗೆ ಬಂದು ನಿಂತೈತೆ ಕಣಪ್ಪ,” ಎಂದರು. “ಕಾಲು ಗಂಟೆ ಆಗ್ತಿದ್ದಂಗೆ ಆಫ್. ಸೇವ್ ಮಾಡಾಕೂ ಬಿಡಲ್ಲ.”

ಶಿವಪ್ರಕಾಶ ಮೊಪೆಡ್ ಹತ್ತಿ ಹೋದ. ಕೃಷ್ಣಪ್ಪನವರ ಹೆಂಡತಿ ಮಂಜುಳಾ ಬಾಗಿಲಲ್ಲೇ ಕಾದಿದ್ದರು. ಹೊಲಿಗೆಯಲ್ಲಿ ಎತ್ತಿದ ಕೈ. ಮಿಕ್ಸಿ, ಫ್ರಿಜ್, ಗ್ಯಾಸ್ ಸಿಲಿಂಡರ್, ಟಿವಿ ರಿಮೋಟ್ ಎಲ್ಲಕ್ಕೂ ಲೇಸು ಹಚ್ಚಿದ ಕವರು. ಕಂಪ್ಯೂಟರಿನ ಡಬ್ಬವೊಂದೇ ಮೇಜಿನ ಕೆಳಗೆ ಬರಿಮೈಯಲ್ಲಿತ್ತು. ಅಷ್ಟರಮಟ್ಟಿಗೆ ಈ ಮನೆಯವರಿಗೆ ವಿವೇಕವಿದೆ ಎಂದುಕೊಂಡ.

ಕಂಪ್ಯೂಟರ್ ಚೆನ್ನಾಗಿಯೇ ನಡೆಯಿತು. ಆದರೂ ಮೆಮೊರಿ ಪಟ್ಟಿಯನ್ನು ತೆಗೆದು ಪೆನ್ಸಿಲ್ ರಬ್ಬರಿನಲ್ಲಿ ಉಜ್ಜಿ ಹಾಕಿದ. ಬ್ಲೋವರಿನಿಂದ ಧೂಳು ಊದಿದ. ಒಂದು ಗಂಟೆ ಕಾದ. ಬೇಲೂರಿಗೆ ಬಂದು ಅಂಗಡಿಯ ಬೀಗ ತೆಗೆಯುವಾಗ ಫೋನ್ ಬಂತು.

“ಆಫಾಯ್ತು.”

ಎರಡನೇ ಸಲ ಪವರ್ ಸಪ್ಲೈ ಬದಲಿಸಿದ. ಬಿಸಿಯೇನೋ ಎಂದು ಮುಟ್ಟಿ ನೋಡಿದ, ತಣ್ಣಗಿತ್ತು. ಎರಡು ಲೋಟ ಕಾಫಿ, ಒಂದು ಅಕ್ಕಿರೊಟ್ಟಿ ಮುಗಿಯುವವರೆಗೂ ಅದು ಓಡುತ್ತಲೇ ಇತ್ತು. ಮನೆ ಬಿಟ್ಟು ಅರ್ಧ ಗಂಟೆಗೆ ಆಫ್. ಮೂರನೇ ಸಲ ಡಬ್ಬವನ್ನೇ ಅಂಗಡಿಗೆ ತಂದ. ಮೂರು ಹಗಲು ಮೂರು ರಾತ್ರಿ ಒಂದೇ ಸಮ ನಡೆಯಿತು. ವಾಪಸ್ ಕೊಟ್ಟು ಬಂದ ದಿನವೇ ಆಫ್. ನೋಟ್‌ಬುಕ್ಕಿನಲ್ಲಿ ದೂರು ಬರೆದಾಗಿತ್ತು. ಮಧ್ಯದ ಕಾಲಂ ಖಾಲಿ.

ನಾಲ್ಕನೇ ಸಲ ಹೋದಾಗ ಮಂಜುಳಾ ಆ ಮಾತು ತೆಗೆದರು.

“ನೀವು ಗೆಂಡೆಹಳ್ಳಿ ಜವರಪ್ಪನ ಮಗ ಅಂತೆ. ಮೊದ್ಲೇ ಹೇಳಬಾರ್ದಾ?”

“ಅದಕ್ಕೂ ಇದಕ್ಕೂ ಏನಕ್ಕಾ ಸಂಬಂಧ?”

“ನೀವು ಇದ್ರೆ ನಡೀತೈತೆ, ಹೋದ್ರೆ ನಿಲ್ತೈತೆ. ಇನ್ನೇನ್ ಬೇಕು? ಕೈಗುಣ.”

ಶಿವಪ್ರಕಾಶನಿಗೆ ಮೈಯೆಲ್ಲ ಉರಿಯಿತು. ಕಂಪ್ಯೂಟರ್ ನಿಲ್ಲುವ ಕಾರಣವನ್ನು ಕಣ್ಣಾರೆ ಕಾಣಲೆಂದೇ ಒಂದು ಭಾನುವಾರ ಪೂರ್ತಿ ಕಂಪ್ಯೂಟರಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತ. ಕೃಷ್ಣಪ್ಪನವರು ತೊಂಬತ್ನಾಲ್ಕರ ಜುಲೈ ದಾಟಿದರು, ಊಟದ ಹೊತ್ತಿಗೆ ತೊಂಬತ್ತಾರು ಮುಗಿಸಿದರು, ಸಂಜೆಗೆ ತೊಂಬತ್ತೆಂಟಕ್ಕೆ ಬಂದರು. ಬೀದಿಯ ಜನ ಕಿಟಕಿಯಲ್ಲಿ ಇಣುಕಿ ಹೋದರು. ಪಕ್ಕದ ಮನೆಯ ಉಮೇಶ್ ಒಳಗೇ ಬಂದ.

“ಸಾರ್, ಹೋಗ್ತಾ ನಮ್ ಬಾವಿ ಮೋಟ್ರು ಹತ್ರ ಒಂದ್ಗಳಿಗೆ ನಿಂತ್ಕೊಂಡು ಹೋಗಿ.”

“ನಾನು ಮೋಟರ್ ರಿಪೇರಿ ಮಾಡಲ್ಲಪ್ಪ.”

“ರಿಪೇರಿ ಯಾರ್ ಮಾಡಿ ಅಂದ್ರು? ನಿಂತ್ಕಳಿ ಸಾಕು.”

ಸಂಜೆ ಹೊರಟವನಿಗೆ ಊರಾಚೆ ಮೊಪೆಡ್ ಕೈಕೊಟ್ಟಿತು. ಪೆಟ್ರೋಲ್ ಮುಗಿದಿತ್ತು. ಗಾಡಿಯನ್ನು ತಳ್ಳಿಕೊಂಡು ಕೃಷ್ಣಪ್ಪನವರ ಮನೆಗೇ ವಾಪಸ್ ಬಂದ. ಗಾಡಿಯ ಸದ್ದಿರಲಿಲ್ಲವಾದ್ದರಿಂದ ಅವನು ಬಂದದ್ದು ಯಾರಿಗೂ ತಿಳಿಯಲಿಲ್ಲ. ಒಳಗೆ ಕಾಲಿಟ್ಟರೆ, ಮಂಜುಳಾ ನೆಲದಲ್ಲಿ ಕೂತು ಕಂಪ್ಯೂಟರ್ ಡಬ್ಬಕ್ಕೆ ಕವರ್ ತೊಡಿಸುತ್ತಿದ್ದರು.

ಕೆಂಪು ಮಖಮಲ್ಲಿನ ಕವರು. ಸ್ವಿಚ್ಚಿಗೆಂದು ಮುಂದೆ ಒಂದು ಕಾಜದಷ್ಟು ತೂತು, ವೈರಿಗೆಂದು ಹಿಂದೆ ಒಂದು ಸೀಳು, ಪಕ್ಕದಲ್ಲಿ ಮೂರು ಜೊತೆ ಲಾಡಿ. ಮುಟ್ಟಿ ನೋಡಿದ. ಒಳಗೆ ರಜಾಯಿಯಷ್ಟೇ ದಪ್ಪ ಹತ್ತಿ.

“ಇದು ಯಾವಾಗಿಂದ ಅಕ್ಕಾ?”

“ಯುಗಾದಿಯಿಂದ. ಮೊದ್ಲು ಬರೀ ಬಟ್ಟೆ ಇತ್ತು. ಆಮೇಲೆ ಅದು ಅರ್ಧ ಗಂಟೆಗೊಂದ್ಸಲ ನಿಲ್ಲಾಕೆ ಶುರುವಾಯ್ತು. ಒಳಗೆ ಗೊರಗೊರ ಅನ್ನೋದು. ಥಂಡಿ ಹಿಡೀತೇನೋ ಅಂತ ಹತ್ತಿ ತುಂಬಿ ಹೊಲ್ದೆ.”

“ನಾನು ಬಂದಾಗ ಒಂದ್ಸಲಾನೂ ನೋಡ್ಲಿಲ್ವಲ್ಲ.”

“ನಿಮ್ ಗಾಡಿ ಸದ್ದು ಕೇಳ್ತಿದ್ದಂಗೆ ಬಿಚ್ಚಿ ಬೀರುಗೆ ಹಾಕ್ತೀನಿ. ಹಿಂದೆ ಟಿವಿ ರಿಪೇರಿಯವನು ಬೆಸುಗೆ ಹಾಕೋ ಕಾದ ಕಡ್ಡಿ ಇಟ್ಟು ಕವರ್ ತೂತು ಮಾಡಿದ್ದ.”

ಶಿವಪ್ರಕಾಶ ಕವರ್ ಹಾಕಿಸಿಯೇ ಕಂಪ್ಯೂಟರ್ ಓಡಿಸಿದ. ಹದಿನಾಲ್ಕನೇ ನಿಮಿಷಕ್ಕೆ ಅದು ಆಫಾಯಿತು. ಮಂಜುಳಾ ಅವರ ಕೈ ಹಿಡಿದು ಡಬ್ಬದ ಮೇಲಿರಿಸಿದ. ರೊಟ್ಟಿ ಹೆಂಚಿನಂತೆ ಸುಡುತ್ತಿತ್ತು. ಬಿಸಿಗಾಳಿ ಹೊರಗೆ ಹೋಗಬೇಕು, ಹೋಗದಿದ್ದರೆ ಕಂಪ್ಯೂಟರ್ ತಾನಾಗಿಯೇ ನಿಲ್ಲುತ್ತದೆ, ಕೈಗುಣ ಏನೂ ಅಲ್ಲ ಎಂದು ವಿವರಿಸಿದ. ಇಪ್ಪತ್ತೆರಡು ವರ್ಷದಲ್ಲಿ ಯಾವ ಕಾರಣವೂ ಅವನಿಗೆ ಇಷ್ಟು ಸಂತೋಷ ಕೊಟ್ಟಿರಲಿಲ್ಲ.

ಮಂಜುಳಾ ಗಮನವಿಟ್ಟು ಕೇಳಿದರು.

“ಹಂಗಾದ್ರೆ ಕವರ್ ತೆಗೆದಾಗ ನಡೀತಿತ್ತು ಅನ್ನಿ.”

“ಅಷ್ಟೇ ಅಕ್ಕಾ.”

“ಕವರ್ ತೆಗೀತಿದ್ದುದು ನೀವು ಬತ್ತೀರ ಅಂತ.”

“ಹೌದು.”

“ಅಂದ್ಮೇಲೆ ನಿಮ್ಮಿಂದ್ಲೇ ಅಲ್ವಾ?”

ಶಿವಪ್ರಕಾಶ ಕೃಷ್ಣಪ್ಪನವರ ಕಡೆ ನೋಡಿದ. ಅವರು ಡೈರಿಯಿಂದ ತಲೆಯೆತ್ತದೆ, “ನಲವತ್ತು ವರ್ಷದಿಂದ ಹಿಂಗೇ ಕಣಪ್ಪ. ನೀನೇನು ಇವತ್ ಗೆಲ್ತೀಯಾ?” ಎಂದರು.

ಕವರ್ ಹಾಕುವುದಿಲ್ಲವೆಂದು ಮಂಜುಳಾ ಮಾತು ಕೊಟ್ಟರು. ಐದು ದಿನ ಉಳಿಸಿಕೊಂಡರು. ಆರನೇ ದಿನ ಫೋನ್ ಮಾಡಿದವರು ಕೃಷ್ಣಪ್ಪನವರು.

“ಆಫಾಯ್ತು. ಧೂಳು ಕೂರುತ್ತೆ ಅಂತ ಹಾಕವಳೆ. ನಾನು ತೆಗೆದ್ರೆ ಮತ್ತೆ ಹಾಕ್ತಾಳೆ. ನಿನ್ದೊಂದು ಫೋಟೋ ಕೊಡ್ಬೇಕಂತೆ. ನೀನಿದ್ದಂಗೆ ಆಗ್ತೈತಂತೆ.”

ಫೋನಿಟ್ಟು ಶಿವಪ್ರಕಾಶ ನೋಟ್‌ಬುಕ್ ತೆರೆದ. ಮಧ್ಯದ ಕಾಲಮ್ಮಿನಲ್ಲಿ ‘ಹತ್ತಿ ತುಂಬಿದ ಕವರ್’ ಎಂದು ಆಗಲೇ ಬರೆದಾಗಿತ್ತು. ಈಗ ಖಾಲಿಯಿದ್ದದ್ದು ಕೊನೆಯ ಕಾಲಂ. ಕಾರಣ ಗೊತ್ತಿದ್ದೂ ಕಂಪ್ಯೂಟರ್ ನಿಂತಿತ್ತು. ಸೊಪ್ಪು ಅರೆಯುತ್ತ ರೋಗಿಗಳನ್ನು ಗದರುತ್ತಿದ್ದ ಅಪ್ಪನ ದನಿ ನೆನಪಾಯಿತು. ಹನ್ನೊಂದು ದಿನ ಮಲಗು ಎಂದರೆ ಮಲಗುವ ಜನವಲ್ಲ ಅವರು. ಕೈಗುಣ ಬಿಟ್ಟುಹೋಗುತ್ತದೆ ಎಂದರೆ ಅಲುಗಾಡದೆ ಮಲಗುತ್ತಿದ್ದರು. ಅಪ್ಪನಿಗೆ ಇದು ಗೊತ್ತಿದ್ದಿರಬಹುದೆಂದು ಇಷ್ಟು ವರ್ಷದಲ್ಲಿ ಅವನು ಒಮ್ಮೆಯೂ ಯೋಚಿಸಿರಲಿಲ್ಲ.

ಮರುದಿನ ಸ್ಟುಡಿಯೋ ಸಂತೋಷನ ಬಳಿ ಹೋಗಿ ಫೋಟೋ ತೆಗೆಸಿದ. ಚೌಕಟ್ಟಿನ ಅಗಲ ಡಬ್ಬದಷ್ಟೇ, ಸರಿಯಾಗಿ ಎಂಟು ಇಂಚು, ಕೆಳಗೆ ಮರದ ಪಾದ, ಪಾದಕ್ಕೆ ಎರಡು ಸ್ಕ್ರೂ ತೂತು.

“ಹಾರ ಹಾಕಾಕೆ ಮೊಳೆ ಹೊಡೀಲಾ ಸಾರ್?” ಎಂದ ಸಂತೋಷ್. “ಯಾರಿಗಿದು?”

“ನಾನಿನ್ನೂ ಇದೀನಪ್ಪ.”

“ಕಾಣ್ತಿದೀರ. ಅದಕ್ಕೇ ಕೇಳಿದ್ದು.”

ಬಿಕ್ಕೋಡಿನಲ್ಲಿ ಫೋಟೋವನ್ನು ಡಬ್ಬದ ತಲೆಗೆ ಸ್ಕ್ರೂ ಹಾಕಿ ಬಿಗಿದ. ಇನ್ನು ಅದರ ಮೇಲೆ ಮಖಮಲ್ಲು ಇಳಿಯಲು ಸಾಧ್ಯವಿರಲಿಲ್ಲ. ಆದರೂ, ಹತ್ತಿಯನ್ನು ಸೀಳಿ ಹೊಸದಾಗಿ ಹೊಲಿಯುವ ಶಕ್ತಿ ಮಂಜುಳಾ ಅವರಿಗಿದೆ ಎಂಬುದನ್ನು ಅವನು ಮರೆಯಲಿಲ್ಲ. ಎದ್ದು ನಿಂತು, ಅಪ್ಪನ ದನಿಯಲ್ಲೇ ಗದರಿದ:

“ಡಬ್ಬದ ಮೇಲಾಗಲಿ, ಪಕ್ಕದಲ್ಲಾಗಲಿ ಒಂದು ಚೂರು ಬಟ್ಟೆ ಬಿದ್ರೂ ಕೈಗುಣ ಬಿಟ್ಟೋಗುತ್ತೆ. ಆಮೇಲೆ ನನ್ನ ಕೇಳ್ಬೇಡಿ.”

ಮಂಜುಳಾ ಎರಡು ಹೆಜ್ಜೆ ಹಿಂದೆ ಸರಿದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಡಬ್ಬಕ್ಕೆ ತಾಗಬಾರದಲ್ಲ. ಬೀರು ತೆಗೆದು ಕವರನ್ನು ಮಡಿಸಿ ಒಳಗಿಟ್ಟರು.

“ಅಷ್ಟನ್ನ ಮುಂಚೇನೇ ಹೇಳಿದ್ರೆ ಆಗ್ತಿತ್ತಲ್ಲ,” ಎಂದರು. “ಬಿಸಿಗಾಳಿ ಗಿಸಿಗಾಳಿ ಅಂತ ಏನೇನೋ ಹೇಳಿದ್ರಿ.”

ಆ ತಿಂಗಳ ಕೊನೆಗೆ ಕೃಷ್ಣಪ್ಪನವರ ಮಳೆ ಎರಡು ಸಾವಿರದ ಏಳನ್ನು ದಾಟಿತ್ತು. ನೋಟ್‌ಬುಕ್ಕಿನ ಕೊನೆಯ ಕಾಲಮ್ಮಿನಲ್ಲಿ ಶಿವಪ್ರಕಾಶ ‘ಫೋಟೋ, ಎಂಟು ಇಂಚು’ ಎಂದು ಬರೆದ. ಅಷ್ಟರಲ್ಲಿ ಉಮೇಶ್ ಫೋನ್ ಮಾಡಿ ಮೋಟರಿಗೂ ಒಂದು ಕಾಪಿ ಬೇಕೆಂದ. ಶಿವಪ್ರಕಾಶ ಇಲ್ಲವೆನ್ನಲಿಲ್ಲ. ಮೋಟರಿಗೆ ಕೊನೆಯ ಸಲ ಗ್ರೀಸ್ ಹಾಕಿದ್ದು ಯಾವಾಗ ಎಂದು ಮಾತ್ರ ಕೇಳಿದ.