ನಾಗತ್ತೆಯ ನಾರುಮಡಿ

ಕಡಿದ ಬಾಳೆಯ ಒಗರು ವಾಸನೆ ಮೂಗಿಗೆ ಬಡಿದರೆ ನನಗೆ ಈ ವಯಸ್ಸಿನಲ್ಲೂ ಮೊದಲು ಬರುವುದು ಸಿಟ್ಟು, ಆಮೇಲೆ ನಾಗತ್ತೆ. ಅವಳು ನನ್ನ ಅಪ್ಪನ ತಂಗಿ. ಮೊಳಕಾಲ್ಮೂರಿನ ನಮ್ಮ ಮನೆ ರೇಷ್ಮೆ ಸೀರೆ ನೇಯುವವರ ಮನೆ. ಹೆಸರಿಗೆ ಮನೆಮಾತು ತೆಲುಗು, ಜಗಳ, ನಗು, ಅಳು ಎಲ್ಲ ಕನ್ನಡದಲ್ಲೇ. ಪಡಸಾಲೆಯ ಮಗ್ಗಗಳಲ್ಲಿ ಅವಳಷ್ಟು ನಯವಾಗಿ ಸೆರಗು ನೇಯುವ ಕೈ ಇನ್ನೊಂದಿರಲಿಲ್ಲವಂತೆ. ಚಳ್ಳಕೆರೆಗೆ ಕೊಟ್ಟಿದ್ದರು, ಪ್ಲೇಗಿನಲ್ಲಿ ಗಂಡ ಸತ್ತು, ಹದಿನೆಂಟಕ್ಕೇ ಎತ್ತಿನ ಗಾಡಿಯಲ್ಲಿ ತೌರಿಗೆ ಬಂದಳು. ನಾವು ನೇಯುತ್ತಿದ್ದುದು ಮದುವೆ ಸೀರೆ. ಗಂಡ ಸತ್ತವಳ ಕೈ ಅದಕ್ಕೆ ತಾಗಬಾರದು. ಹಾಗಾಗಿ ಅವಳ ಪಾಲಿಗೆ ಒಲೆ, ಸಗಣಿ, ಬಾವಿ ಉಳಿದವು. ನಿಮ್ಮ ಹಿರಿಯರ ಮನೆಯಲ್ಲೂ ಇಂಥವಳೊಬ್ಬಳು ಇದ್ದಿರಬೇಕು, ನೆನಪು ಮಾಡಿಕೊಳ್ಳಿ.

ಊರಾಚೆ ನಮ್ಮ ಬಾವಿಯ ಕೆಳಗೆ ಒಂದಿಷ್ಟು ಬಾಳೆ ಇತ್ತು. ಗೊನೆ ಕಡಿದ ಮೇಲೆ ದಿಂಡನ್ನು ತಿಪ್ಪೆಗೆ ಎಸೆಯುತ್ತಿದ್ದರು. ನಾಗತ್ತೆ ಅದನ್ನು ಎಳೆದು ತಂದು, ಪಟ್ಟೆ ಪಟ್ಟೆಯಾಗಿ ಬಿಡಿಸಿ, ಹಲಗೆಯ ಮೇಲೆ ಹಾಸಿ ಮೊಂಡು ಕುಡುಗೋಲಿನಿಂದ ಹೆರೆಯುತ್ತಿದ್ದಳು. ನೀರು, ತಿರುಳು ಜಾರಿಹೋಗಿ ಬೆಳ್ಳನೆಯ ನಾರು ಉಳಿಯುತ್ತಿತ್ತು. ಅದನ್ನು ತೊಳೆದು, ನೆರಳಿಗೆ ಹರವಿ, ಉಗುರಿನಿಂದ ಸೀಳಿ, ಎಳೆಗೆ ಎಳೆ ಗಂಟು ಹಾಕುವುದನ್ನು ನೋಡುತ್ತ ನಾನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿರುತ್ತಿದ್ದೆ. ನಮ್ಮ ಸೀಮೆಯ ಒಣಗಾಳಿಗೆ ಆ ಎಳೆ ಪಟಪಟನೆ ತುಂಡಾಗುತ್ತಿತ್ತು. ಅದಕ್ಕೇ ಒದ್ದೆ ಬಟ್ಟೆ ಹೊದಿಸಿ, ಕೊಟ್ಟಿಗೆಯ ಮೂಲೆಯಲ್ಲಿ, ನೆಲದ ಕುಣಿಗೆ ಕಾಲು ಇಳಿಬಿಟ್ಟು ನೇಯುವ ಹಳೇ ಕುಣಿಮಗ್ಗಕ್ಕೆ ಏರಿಸಿ, ಬೆಳಗಿನ ತಂಪಿನಲ್ಲಷ್ಟೇ ನೇಯುತ್ತಿದ್ದಳು. ಬಾಳೆಕರೆ ಹಿಡಿದು ಅವಳ ಬೆರಳುಗಳು ಕಪ್ಪಾಗಿದ್ದವು. "ಕಸಾನಾದ್ರೂ ನೇಯ್ಲಿ ಬಿಡು," ಎಂದು ಅಪ್ಪ ನಗುತ್ತಿದ್ದರು.

ಒಂದು ಮಳೆಗಾಲ, ಒಂದು ಚಳಿಗಾಲ ಕಳೆದು ಆ ನಾರಿನದೊಂದು ಪಂಚೆ ಮುಗಿಯಿತು. ತೆಳ್ಳಗೆ, ತಿಳಿ ಹೊಂಬಣ್ಣ. ನಾರುಮಡಿಗೆ ಮೈಲಿಗೆಯಿಲ್ಲ ಎಂದು ನಮ್ಮವರ ನಂಬಿಕೆ. ಅಪ್ಪ ನಗುವುದು ಬಿಟ್ಟು ಅದನ್ನೇ ಉಟ್ಟು ದೇವರ ಮುಂದೆ ಕೂತರು. ಬಂದವರಿಗೆಲ್ಲ ಅಂಚು ಹಿಡಿದು ತೋರಿಸಿದರು. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಗುತ್ತದಂತೆ. ನಾರು ತೆಗೆದವಳು ಮಾತ್ರ ಕೊಟ್ಟಿಗೆಯಲ್ಲೇ ಇದ್ದಳು. ನನ್ನ ಅಕ್ಕನ ಮದುವೆ ಗೊತ್ತಾದಾಗ ನಾಗತ್ತೆ ದೇವರಕೋಣೆಯ ಹೊಸ್ತಿಲಾಚೆ ನಿಂತು ಕೇಳಿಯೇಬಿಟ್ಟಳು: "ಅಣ್ಣಾ, ನಾನು ನೇಯ್ದಿದ್ದು ಉಟ್ಕಂಡು ದೇವ್ರನ್ನ ಮುಟ್ತೀಯ. ಹುಡುಗಿ ಸೀರೆಗೆ ಸೆರಗೊಂದು ನೇಯ್ತೀನಿ, ಮಗ್ಗಕ್ಕೆ ಕೂರಿಸ್ಕ." ಅಪ್ಪ ಗಂಟೆ ಕೆಳಗಿಟ್ಟು, "ಮೈಲಿಗೆ ಇಲ್ದಿರೋದು ನಾರಿಗೆ ಕಣೇ. ನಿನ್ನ ಕೈಗಲ್ಲ," ಅಂದರು. ಅವ್ವ ಅಲ್ಲೇ ಇದ್ದಳು, ಮದುಮಗಳು ಅಕ್ಕ ಇದ್ದಳು, ಮಾರುದ್ದ ನಾಲಿಗೆಯ ನಾನೂ ಇದ್ದೆ. ಒಬ್ಬರ ಬಾಯಿಂದಲೂ ಒಂದು ಮಾತು ಹೊರಡಲಿಲ್ಲ. ಅದಕ್ಕೆ ನನ್ನ ಮೇಲೇ ನನಗೆ ಇವತ್ತಿಗೂ ಸಿಟ್ಟು.

ಮದುವೆ ಮುಗಿದ ಮೇಲೆ, ಮಠದ ಸ್ವಾಮಿಗಳು ಆ ಪಂಚೆಯನ್ನು ಮೆಚ್ಚಿದರೆಂದು ಅಪ್ಪ ಕೊಟ್ಟಿಗೆಗೆ ಬಂದು, "ಅವ್ರಿಗೂ ಒಂದು ನೇಯ್ದು ಕೊಡು," ಅಂದರು. ನಾಗತ್ತೆ ತಲೆ ಎತ್ತಲಿಲ್ಲ. "ನಾರು ಅಲ್ಲೈತೆ, ತಗಾ. ಮೈಲಿಗೆ ಕೈ ಯಾಕೆ? ನೀನೇ ನೇಯ್ಕ." ಅಪ್ಪ ಹಟ ಹಿಡಿದು ಕೂತರು. ರೇಷ್ಮೆಗೆ ಪಳಗಿದ ಕೈಗೆ ನಾರು ಬಗ್ಗಲಿಲ್ಲ. ಉದ್ದೆಳೆಗಳ ಹಾಸನ್ನು ಮಗ್ಗಕ್ಕೆ ಹೂಡುವ ಮೊದಲೇ ತುಂಡು ತುಂಡಾಯಿತು. ತಂಗಿಯನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಅವಳೂ ಮತ್ತೆ ಯಾವ ಮಗ್ಗಕ್ಕೂ ಇಳಿಯಲಿಲ್ಲ. ನನಗಾದರೂ ಕಲಿಸು ಎಂದು ಎಷ್ಟೋ ಸಲ ಗೋಗರೆದೆ. "ಬ್ಯಾಡ ಬಿಡೇ," ಅನ್ನುತ್ತಿದ್ದಳು, ಅಷ್ಟೇ. ದಿಂಡುಗಳು ಮೊದಲಿನಂತೆ ತಿಪ್ಪೆಯಲ್ಲಿ ಕೊಳೆತವು.

ನಾಗತ್ತೆ ಸತ್ತ ದಿನ ಅಪ್ಪ ಆ ಕುಣಿಮಗ್ಗದ ಅಂಚಿನಲ್ಲಿ ಕೂತು, "ಎಂಥಾ ಕೈ ಇತ್ತಲ್ಲೇ ನಿಂದು," ಎಂದು ಬಿಕ್ಕಿಬಿಕ್ಕಿ ಅತ್ತರು. ಬಂದವರೆಲ್ಲ ಬೆನ್ನು ಸವರಿ ಸಮಾಧಾನ ಹೇಳಿದರು. "ಅಪ್ಪಂಗೆ ಒಂದಿಷ್ಟು ನೀರು ತಂದ್ಕೊಡೇ," ಅಂದಳು ಅವ್ವ. ಬಿಂದಿಗೆ ನನ್ನ ಪಕ್ಕದಲ್ಲೇ ಇತ್ತು. ನಾನು ಏಳಲಿಲ್ಲ.