ಪಕ್ಕದ ಬಾಗಿಲಿನ ಹೆಂಗಸು

ದೆವ್ವದ ಕಥೆ ಹೇಳುವವರನ್ನು ಕಂಡರೆ ನಾನು ನಗುತ್ತಿದ್ದೆ. ಹೆಣ್ಣುಮಕ್ಕಳು ಹೆದರುವುದಕ್ಕೆ ಜೀವಂತ ಮನುಷ್ಯರೇ ಸಾಕು ಎನ್ನುವುದು ನನ್ನ ವಾದ. ಆ ವಾದವನ್ನು ಈಗಲೂ ಬಿಟ್ಟಿಲ್ಲ. ಆದರೆ ಕೆಲವು ವರ್ಷಗಳ ಹಿಂದೆ ರಾಣೇಬೆನ್ನೂರಿನಲ್ಲಿ ನಡೆದದ್ದನ್ನು ಏನೆಂದು ಕರೆಯಲಿ, ತಿಳಿಯದು.

ಆಗ ಅಲ್ಲಿನ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೆ. ಗುತ್ತಲದಿಂದ ದಿನವೂ ಬಸ್ಸಿನ ಓಡಾಟ. ಅಂಗಡಿಯಲ್ಲಿ ನಮಗೆ ಶೌಚಾಲಯ ಇರಲಿಲ್ಲ. ಹಗಲೆಲ್ಲ ನೀರು ಕುಡಿಯದೆ ಇರುವುದು ರೂಢಿಯಾಗಿತ್ತು. ಅಂದು ತಡೆಯಲಾಗದೆ, ದೀಪ ಹಚ್ಚುವ ಹೊತ್ತಿಗೆ ಮಾರ್ಕೆಟ್ಟಿನ ಹಿಂದಿನ ಹೆಂಗಸರ ಶೌಚಾಲಯಕ್ಕೆ ಹೋದೆ. ಅದನ್ನು ನೋಡಿಕೊಳ್ಳುವ ಮಾಬೂಬಿ ಚಾಚಿ ಚಹಾ ಕುಡಿಯಲು ಹೋಗಿದ್ದರು. ಎದುರಿನ ಗೋಡೆಗೆ ಇಬ್ಬರು ಗಂಡಸರು ಒರಗಿ ನಿಂತಿದ್ದರು. ನನ್ನನ್ನು ಕಂಡು ಒಬ್ಬ ಏನೋ ಅಂದ, ಇನ್ನೊಬ್ಬ ನಕ್ಕ. ತಲೆ ತಗ್ಗಿಸಿ ಒಳಗೆ ಹೋದೆ.

ಒಳಗಿದ್ದದ್ದು ಎರಡೇ ಕೋಣೆ. ಕೈ ತೊಳೆದು ಹೊರಡುವಾಗ ಪಕ್ಕದ ಮುಚ್ಚಿದ ಬಾಗಿಲ ಹಿಂದಿನಿಂದ ಹೆಂಗಸಿನ ಸಣ್ಣ ದನಿ ಕೇಳಿತು.

"ಅವ್ರು ಹೋದ್ರೇನವ್ವಾ?"

ಪಾಪ, ನನ್ನಂತೆ ಇವಳೂ ಅಂಜಿ ಕೂತಿದ್ದಾಳೆ ಅಂದುಕೊಂಡೆ. ಹೊರಬಾಗಿಲ ಸಂದಿಯಿಂದ ನೋಡಿದರೆ ಗೋಡೆಯ ಹತ್ತಿರ ಯಾರೂ ಇರಲಿಲ್ಲ.

"ಹೋಗ್ಯಾರ್ರಿ. ಬರ್ರಿ, ಕೂಡೇ ಹೋಗೂಣು," ಅಂದೆ.

"ಇಲ್ಲವ್ವಾ, ಹೋಗಿಲ್ಲ. ಬಾಗಲಾ ಹಾಕು, ಲಗೂ."

ಯಾಕೆಂದು ಕೇಳದೆ ಚಿಲಕ ಹಾಕಿದೆ. ಕೈ ತೆಗೆಯುವ ಮೊದಲೇ ಹೊರಗಿನಿಂದ ಯಾರೋ ಬಾಗಿಲನ್ನು ಜೋರಾಗಿ ದೂಡಿದರು. ಮತ್ತೆ ದೂಡಿದರು. ಬೆನ್ನು ಕೊಟ್ಟು ನಿಂತೆ. ಎರಡೂ ಕಾಲನ್ನು ನೆಲಕ್ಕೆ ಒತ್ತಿ ಊರಿದೆ.

ಕೊನೆಗೆ ಚಾಚಿಯ ಬೈಗುಳ, ಓಡಿಹೋಗುವ ಸಪ್ಪಳ ಕೇಳಿ ಬಾಗಿಲು ತೆಗೆದೆ. ಒಳಗೆ ಇನ್ನೊಬ್ಬಾಕೆ ಇದ್ದಾಳೆ ಎಂದಾಗ ಚಾಚಿ ನನ್ನ ಮುಖವನ್ನೇ ನೋಡಿದರು. ಆ ಕೋಣೆಗೆ ಹೊರಗಿನಿಂದ ಬೀಗವಿತ್ತು; ಮಬ್ಬಿನಲ್ಲಿ ನಾನು ಗಮನಿಸಿರಲಿಲ್ಲ. ಪೈಪು ಒಡೆದಾಗಿನಿಂದ ಅದನ್ನು ಯಾರೂ ಬಳಸುತ್ತಿಲ್ಲವಂತೆ. ನಾನು ಹಟ ಹಿಡಿದದ್ದಕ್ಕೆ ಬೀಗ ತೆಗೆದು ತೋರಿಸಿದರು. ಗಟ್ಟಿಯಾದ ಸಿಮೆಂಟ್ ಚೀಲಗಳು, ಒಡೆದ ಬಕೀಟು, ಹಳೆಯ ತಗಡು. ಒಂದು ಮಗು ನಿಲ್ಲುವಷ್ಟೂ ಜಾಗವಿರಲಿಲ್ಲ.

ಅಂಜಿಕೆಗೆ ನನಗೇ ಹಾಗೆ ಕೇಳಿಸಿತೇ? ಇರಬಹುದು. ಆದರೆ ಆ ಗಂಡಸರು ಹೋದರೆಂದು ನಾನು ನಂಬಿಬಿಟ್ಟಿದ್ದೆ. ನನಗೇ ಗೊತ್ತಿಲ್ಲದ್ದನ್ನು ನನ್ನ ಅಂಜಿಕೆ ಹೇಗೆ ಹೇಳೀತು? ಇವತ್ತಿಗೂ ಬಗೆಹರಿದಿಲ್ಲ.

ಚಾಚಿ ಬಸ್ಸಿನವರೆಗೂ ಬಂದು ಹತ್ತಿಸಿದರು. ಮನೆಯಲ್ಲಿ ಮಾತ್ರ ನಾನು ಏನನ್ನೂ ಹೇಳಲಿಲ್ಲ. ದನಿಯ ವಿಷಯ ಹೇಳಿದ್ದರೆ ನಗುತ್ತಿದ್ದರು. ಆ ಗಂಡಸರ ವಿಷಯ ಹೇಳಿದ್ದರೆ ನನ್ನ ಕೆಲಸ ಬಿಡಿಸುತ್ತಿದ್ದರು.