ಮೂರು ದಿನದ ಚೀಟಿ

ವಾಚು ರಿಪೇರಿಯವರ ಬಲ ಹೆಬ್ಬೆರಳಿನ ಉಗುರು ದಪ್ಪಗೆ, ಹಳದಿಗಟ್ಟಿ, ತುದಿಯಲ್ಲಿ ಉಳಿಯಂತೆ ಹರಿತವಾಗಿತ್ತು. ವಾಚಿನ ಹಿಂಬದಿಯ ಮುಚ್ಚಳವನ್ನು ಅದರಿಂದಲೇ ಎಬ್ಬಿಸುತ್ತಿದ್ದರು. ತುಮಕೂರಿನ ಕಾರ್ಖಾನೆಯಲ್ಲಿ ವಾಚು ಜೋಡಿಸಿ ನಿವೃತ್ತರಾದ ಮೇಲೆ ಗುಬ್ಬಿಯ ಬಸ್ ನಿಲ್ದಾಣದ ಬಳಿ ರಿಪೇರಿ ಅಂಗಡಿ ಇಟ್ಟಿದ್ದರು. ಶಾಲೆಯನ್ನು ಅರ್ಧಕ್ಕೇ ಬಿಟ್ಟು, ಸಿಕ್ಕಿದ್ದನ್ನೆಲ್ಲ ಓದಿ, ಓದಿದ್ದನ್ನೆಲ್ಲ ಶಂಕಿಸುವ ನಾನು ಹತ್ತು ವರ್ಷ ಅಲ್ಲಿನ ಬೆಂಚಿನ ಮೇಲೆ ಕುಳಿತವನು. ಈಗ ಬಸ್ಸು ಆ ದಾರಿ ಹಾದರೂ ಮುಖವನ್ನು ಆಚೆ ತಿರುಗಿಸುತ್ತೇನೆ.

ರಿಪೇರಿಯಾದ ವಾಚನ್ನು ಅವರು ಕೂಡಲೇ ಕೊಡುತ್ತಿರಲಿಲ್ಲ. ಮೂರು ದಿನ ಮೊಳೆಗೆ ತೂಗುಹಾಕಿ, ದಿನವೂ ಬೆಳಿಗ್ಗೆ ಒಂಬತ್ತಕ್ಕೆ ಮೊಬೈಲಿನ ವೇಳೆಗೆ ಹೋಲಿಸಿ, ಎಷ್ಟು ಸೆಕೆಂಡು ಹಿಂದೆ, ಎಷ್ಟು ಮುಂದೆ ಎಂದು ಚೀಟಿಯಲ್ಲಿ ಬರೆಯುತ್ತಿದ್ದರು.

"ತಪ್ಪು ದಿನಾ ಒಂದೇ ಸಮ ಇದ್ರೆ ಭಯ ಇಲ್ಲ ಯಜಮಾನ್ರೆ, ತಿದ್ಬೋದು. ದಿನಕ್ಕೊಂದು ಥರ ಆಡೋದು ಕೆಟ್ಟ ವಾಚು," ಎಂದು ಒಮ್ಮೆ ನನಗೆ ಹೇಳಿದರು.

"ಮೊಬೈಲಿಂದು ಸರಿ ಅಂತ ಯಾರು ಹೇಳಿದ್ದು?" ಎಂದೆ.

ಅದರ ಮೂಲ ಪರಮಾಣು ಗಡಿಯಾರ ಎಂದರು. ಕೋಟಿಗಟ್ಟಲೆ ವರ್ಷಕ್ಕೆ ಅದು ಒಂದು ಸೆಕೆಂಡು ತಪ್ಪಿದರೆ ಹೆಚ್ಚು ಎಂದು ನಾನೂ ಓದಿದ್ದೆ.

"ಅಷ್ಟು ವರ್ಷ ಕೂತು ನೋಡ್ದೋನು ಯಾರು?"

ಅವರು ನಕ್ಕರು. "ಸೀಸಿಯಂ ಅಂತ ಒಂದು ಲೋಹ. ಅದರ ಪರಮಾಣು ನಿಮ್ಮ ಥರಾನೇ ಮೊಂಡು. ಸೆಕೆಂಡಿಗೆ ಒಂಬೈನೂರ ಹತ್ತೊಂಬತ್ತು ಕೋಟಿ ಚಿಲ್ಲರೆ ಸಲ ಅದುರೋ ರೇಡಿಯೋ ಅಲೆ ಅದರ ಮೇಲೆ ಹಾಯ್ಸಿದ್ರೆ ಮಾತ್ರ ಮಗ್ಗಲು ಬದಲಾಯಿಸ್ತದೆ. ಅಲೆ ಹುಟ್ಸೋದು ಕ್ವಾರ್ಟ್ಜ್ ಹರಳಿಂದ. ಹರಳು ಚೂರು ಜಾರಿದ್ರೆ ಮಗ್ಗಲಾಗೋ ಪರಮಾಣು ಕಮ್ಮಿ ಆಯ್ತವೆ, ಅದನ್ನ ನೋಡಿ ಯಂತ್ರ ಕೂಡ್ಲೆ ಹರಳನ್ನ ತಿದ್ತದೆ. ಅಷ್ಟು ಅದುರಾಟ ಎಣಿಸಿದ್ರೆ ಒಂದು ಸೆಕೆಂಡು."

"ಆ ಯಂತ್ರಾನೇ ತಪ್ಪಿದ್ರೆ?"

"ಅದಕ್ಕೇ ಒಂದನ್ನೇ ನಂಬಲ್ಲ. ಹತ್ತಾರು ಇಟ್ಟು ಒಂದಕ್ಕೊಂದು ತಾಳೆ ನೋಡ್ತಾರೆ. ಯಾವುದು ಎಷ್ಟು ಜಾರ್ತದೆ ಅಂತ ಅದರಲ್ಲೇ ಗೊತ್ತಾಯ್ತದೆ. ಕೋಟಿ ವರ್ಷ ಕೂರೋದು ಬೇಡ."

ನನ್ನನ್ನು ಹಾಗೆ ಸೋಲಿಸಿದವರು ಇನ್ನೊಬ್ಬರಿಲ್ಲ.

ಕಳೆದ ವರ್ಷ ಅವರಿಗೆ ಎದೆಯ ನಡುವೆ ಒತ್ತಿದಂತಾಗತೊಡಗಿತು. ಗುಬ್ಬಿಯ ವೈದ್ಯರು ಅಂದೇ ತುಮಕೂರಿಗೆ ಹೋಗಿ ಹೃದಯ ಪರೀಕ್ಷೆ ಮಾಡಿಸಲು ಹೇಳಿದರು. ಅಂಗಡಿಗೆ ಬೀಗ ಹಾಕುತ್ತ ಅವರು ನನ್ನ ಅಭಿಪ್ರಾಯ ಕೇಳಿದರು.

"ಹೆದರಿಸೋದೇ ಅವರ ಕಸುಬು. ಗ್ಯಾಸ್ ಇರ್ಬೇಕು. ನಿಮ್ಮ ವಾಚಿನ ಥರ ಮೂರು ದಿನ ನೋಡಿ," ಎಂದೆ.

ಅವರು ಬೀಗ ತೆಗೆದು ಒಳಗೆ ಹೋಗಿ ಕುಳಿತರು. ಚೀಟಿ ಬರೆದರು. ಮೊದಲ ದಿನ ನಡೆಯುವಾಗ ಎರಡು ಸಲ ನೋವು. ಮರುದಿನವೂ ಎರಡು ಸಲ.

"ಒಂದೇ ಸಮ ಐತೆ ಯಜಮಾನ್ರೆ," ಎಂದು ನನಗೆ ತೋರಿಸಿದರು. ನನಗೂ ಸಮಾಧಾನವಾಯಿತು. ಮೂರನೆಯ ದಿನ ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಕುಸಿದು ಬಿದ್ದರು. ಆಟೋ ಬರುವಷ್ಟರಲ್ಲಿ ಮುಗಿದಿತ್ತು.

ಅವರ ಹೆಂಡತಿ ನನ್ನನ್ನು ಬೈಯಲಿಲ್ಲ. "ನೀವು ಹೋಗಿ ಅಂದಿದ್ರೆ ಹೋಗ್ತಿದ್ರು ಅಣ್ಣ. ನನ್ನ ಮಾತು ಎಲ್ಲಿ ಕೇಳ್ತಿದ್ರು," ಎಂದರು, ಅಷ್ಟೇ.

ಅವರ ಆಯಸ್ಸು ಇದ್ದದ್ದೇ ಅಷ್ಟು ಎಂದು ಊರಿನವರು ನನ್ನನ್ನು ಸಂತೈಸುತ್ತಾರೆ. ಹೇಗಾದರೂ ಆ ಒಂದು ಮಾತನ್ನು ನಂಬಬೇಕೆಂದು ದಿನವೂ ಪ್ರಯತ್ನಿಸುತ್ತೇನೆ. ಆಗುತ್ತಿಲ್ಲ.